ಹಿಟ್ಟು ಕಾಯದು, ರೊಟ್ಟಿ ಕಾದೀತು

ಅಥಣಿ ತಾಲೂಕಿನ ಒಂದು ತೋಟದ ಮನೆ. ಮುಂಜಾನೆ ಏಳರ ಹೊತ್ತು. ಪರಾತದಲ್ಲಿ ಜೋಳದ ಹಿಟ್ಟಿನ ಗುಡ್ಡೆ, ಅದರ ನಡುವೆ ಒಂದು ಗುಳಿ. ಆಯಿ ಆ ಗುಳಿಗೆ ಕುದಿಯುವ ಎಸರು ಸುರಿದರು, ಸುತ್ತಲಿನ ಒಣಹಿಟ್ಟನ್ನು ಅದರ ಮೇಲೆ ಎಳೆದರು, ಸೌಟಿನ ಹಿಡಿಯಿಂದ ಎರಡು ಸುತ್ತು ತಿರುವಿದರು. ಹಬೆಯಾಡುತ್ತಿರುವಾಗಲೇ ಅಂಗೈಯ ಬುಡದಿಂದ ನಾದಲು ಶುರು. "ಸುಡೂದಿಲ್ಲೇನು ಆಯಿ?" ಎಂದರೆ, "ಎಸರು ಆರೋದ್ರೊಳಗ ನಾದಬೇಕು ತಮ್ಮಾ. ಹಿಟ್ಟು ಯಾರಿಗೂ ಕಾಯಂಗಿಲ್ಲ" ಎಂದರು.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದಲ್ಲಿ ಇದು ರೊಟ್ಟಿ. ಮರಾಠಿ ಮಾತು ಹೆಚ್ಚು ಕೇಳುವ ನಿಪ್ಪಾಣಿಯ ಓಣಿಗಳಲ್ಲಿ ಭಾಕ್ರಿ. ಹೆಸರು ಎರಡಾದರೂ ಕೈ ಒಂದೇ. ಗೋದಿ ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಅಂಟಿನಂಶವಿದೆ. ಅದಕ್ಕೇ ಚಪಾತಿ ಎಳೆದರೆ ಹಿಗ್ಗುತ್ತದೆ. ಜೋಳದಲ್ಲಿ ಅದಿಲ್ಲ. ಎಸರಿನ ಕಾವಿಗೆ ಹಿಟ್ಟಿನ ಪಿಷ್ಟ ಅರೆಬೆಂದು ಅಂಟಾಗುತ್ತದೆ. ಆ ಜಿಗಿ ಇರುವವರೆಗೆ ರೊಟ್ಟಿ ಬಡಿಸಿಕೊಳ್ಳುತ್ತದೆ, ಆರಿದರೆ ಅಂಚು ಬಿರಿಯುತ್ತದೆ. ಬಡಿದ ರೊಟ್ಟಿ ಹಂಚಿಗೆ ಬಿದ್ದ ಕೂಡಲೇ ಮೇಲ್ಮೈಗೆ ನೀರಿನ ಅರಿವೆ ಸವರಬೇಕು. ನೀರು ಆರುತ್ತಿದ್ದಂತೆ ಮಗ್ಗುಲು ಬದಲಿಸಬೇಕು. ಒಳಗಿನ ಹಬೆ ಎರಡು ಪದರುಗಳನ್ನು ಬೇರೆ ಮಾಡಿ, ರೊಟ್ಟಿ ಉಬ್ಬಿ ನಿಲ್ಲುತ್ತದೆ.

ಇಂಥದೇ ತೊಡಕನ್ನು ಜರ್ಮನಿಯ ಅಡುಗೆಮನೆ ಬೇರೆ ದಾರಿಯಿಂದ ಬಿಡಿಸಿಕೊಂಡಿತು. ಅಲ್ಲಿನ ಚಳಿಗೆ, ಬಡ ಮಣ್ಣಿಗೆ ಒಗ್ಗಿದ ಧಾನ್ಯ ರೈ. ಅದರ ಹಿಟ್ಟೂ ಗೋದಿಯಂತೆ ಹಿಗ್ಗುವುದಿಲ್ಲ. ಹಾಗಾಗಿ ಅಲ್ಲಿನವರು ಹಿಟ್ಟನ್ನು ಹುಳಿ ಬರಿಸಿ, ಗಂಟೆಗಟ್ಟಲೆ ಕಾದು ಬ್ರೆಡ್ಡು ಸುಡುತ್ತಾರೆ. ವೆಸ್ಟ್‌ಫಾಲಿಯಾ ಸೀಮೆಯ ಪುಂಪರ್‌ನಿಕ್ಕೆಲ್ ಎಂಬ ಕರಿ ಬ್ರೆಡ್ಡು ಒಲೆಯಲ್ಲಿ ಕನಿಷ್ಠ 16 ಗಂಟೆ ಇರಬೇಕು. ರೈ ಅವರಿಗೆ ತಾಳ್ಮೆ ಕಲಿಸಿತು, ಜೋಳ ನಮ್ಮವರಿಗೆ ಚುರುಕು ಕಲಿಸಿತು.

ಈ ಚುರುಕು ಗಿರಣಿಯಿಂದಲೇ ಶುರು. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಕಹಿ ಹತ್ತುತ್ತದೆ. ಅದಕ್ಕೇ ಜೋಳವನ್ನು ಬೇಕಾದಷ್ಟೇ ಬೀಸಿಸುವುದು ವಾಡಿಕೆ. ಜೈನರ ಮನೆಗಳಲ್ಲಿ ಇದು ಧರ್ಮದ ಕಟ್ಟಳೆಯೂ ಹೌದು: ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನದ ಮರ್ಯಾದೆ. ಕಾವು, ತೇವ ಹೆಚ್ಚಿದಾಗ ಹುಳ ಬೇಗ ಹುಟ್ಟುತ್ತದೆ ಎಂಬ ತಿಳಿವು ಈ ಲೆಕ್ಕದಲ್ಲಿದೆ. ದಿಗಂಬರ ಮುನಿ ಪರಂಪರೆಗೆ ಹೊಸ ಜೀವ ತುಂಬಿದ ಆಚಾರ್ಯ ಶಾಂತಿಸಾಗರರು 1872ರಲ್ಲಿ ಹುಟ್ಟಿದ್ದು ಇದೇ ಸೀಮೆಯಲ್ಲಿ, ಭೋಜದ ಹತ್ತಿರ. ಮುನಿಗಳು ಉಣ್ಣುವುದು ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡು, ಬೊಗಸೆಯಲ್ಲಿ. ಅವರ ಆಹಾರಕ್ಕೆ ಅಣಿಯಾಗುವ ಮನೆಯಲ್ಲಿ ಸೋಸಿದ ನೀರು, ಹೊಸ ಹಿಟ್ಟು ಎರಡೂ ಬೇಕೇ ಬೇಕು.

ಶೇಡಬಾಳ, ಕಾಗವಾಡದ ಕಡೆ ಕಟ್ಟಳೆ ಪಾಲಿಸುವ ಜೈನ ಮನೆಗಳಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತದೆ. ಹೊಲದಿಂದ ಬಂದವರು ಕೈಕಾಲು ತೊಳೆದವರೇ ತಾಟಿನ ಮುಂದೆ. ಜರ್ಮನಿಯಲ್ಲೂ ಸಂಜೆಯ ಊಟದ ಹೆಸರು ಆಬೆಂಡ್‌ಬ್ರೋಟ್, ಅಂದರೆ ಸಂಜೆಯ ಬ್ರೆಡ್ಡು. ಒಲೆ ಹಚ್ಚದೆ, ತಣ್ಣಗಿನ ಬ್ರೆಡ್ಡಿಗೆ ಚೀಸೋ ಮಾಂಸವೋ ಇಟ್ಟುಕೊಂಡು ಬೇಗ ಉಂಡೇಳುವ ರೂಢಿ ಅದು. ಅಲ್ಲಿ ಅನುಕೂಲ, ಇಲ್ಲಿ ಅಹಿಂಸೆ.

ಹಂಚಿಗೂ ಒಂದು ಪಂಚಾಂಗವಿದೆ. ಸಂಕ್ರಾಂತಿಯ ಹಿಂದಿನ ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೊತೆಗೆ ಅವರೆ, ಗಜ್ಜರಿ, ಬದನೆ ಎಲ್ಲ ಕೂಡಿದ ಪಲ್ಯ. ಎಳ್ಳ ಅಮವಾಸಿಗೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಪುಂಡಿ ಪಲ್ಯದ ಬುಟ್ಟಿ ಹೊಲಕ್ಕೆ ಹೊರಡುತ್ತದೆ. ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲಿ, ಆಮೇಲೆ ಎಲ್ಲರೂ ಕೂತು ಉಣ್ಣುವುದು. ನಾಗರಪಂಚಮಿಯ ದಿನ ಮಾತ್ರ ಅನೇಕ ಮನೆಗಳಲ್ಲಿ ಹಂಚೇ ಇಡುವುದಿಲ್ಲ. ಒಲೆಗೂ ಒಂದು ದಿನದ ರಜೆ.

ಇಷ್ಟೆಲ್ಲ ಅವಸರದಲ್ಲಿ ಹುಟ್ಟಿದ ರೊಟ್ಟಿ, ಒಮ್ಮೆ ಕಡಕ್ ಆಯಿತೆಂದರೆ ವಾರಗಟ್ಟಲೆ ಕಾಯುತ್ತದೆ. ಬೆಂದ ರೊಟ್ಟಿಯನ್ನು ಸಣ್ಣ ಉರಿಯ ಹಂಚಿನ ಮೇಲೆ ಅರಿವೆಯಿಂದ ಒತ್ತುತ್ತಾ, ನೀರಿನಂಶವೆಲ್ಲ ಹೋಗುವಂತೆ ಒಣಗಿಸುತ್ತಾರೆ. ತೇವವಿಲ್ಲದಲ್ಲಿ ಬೂಸು ಹಿಡಿಯದು. ಭಾರತ ಹುಣ್ಣಿಮೆಗೆ ಬಂಡಿ ಕಟ್ಟಿ ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗುವವರಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿಯೇ ದಾರಿಯ ಬುತ್ತಿ. ಮುರಿದು ಉಳಿದದ್ದಕ್ಕೆ ಮನೆಯಲ್ಲಿ ಒಗ್ಗರಣೆ. ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಖಾರ ಹಾಕಿ ಕುಟ್ಟಿದರೆ ಮುಟಗಿ. ಜರ್ಮನರೂ ಉಳಿದ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ, ಉಂಡೆ ಕಟ್ಟಿ ಬೇಯಿಸುತ್ತಾರೆ. ಬಡತನ ಕಂಡ ಅಡುಗೆಮನೆಗಳಿಗೆ ಬೇರೆ ಬೇರೆ ಭಾಷೆ ಇರುವುದಿಲ್ಲ.

ಕುಡಿಯುವುದರಲ್ಲಿ ಮಾತ್ರ ಹಾದಿ ಬೇರೆ. ಬವೇರಿಯಾದಲ್ಲಿ 1516ರಲ್ಲೇ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಮೂರನ್ನೇ ಹಾಕಬೇಕೆಂದು ಕಾನೂನು ಬಂತು. ನಮ್ಮ ಬೇಸಿಗೆಗೆ ಜೋಳದ ಅಂಬಲಿ, ಮಜ್ಜಿಗೆ, ಗಾಣದ ಕಬ್ಬಿನ ಹಾಲು. ಅಂಬಲಿಗೆ ಕಾನೂನಿಲ್ಲ, ಎಷ್ಟು ಹುಳಿ, ಎಷ್ಟು ಉಪ್ಪು ಎಂಬುದು ಮನೆಯ ಹಿರಿಯಳ ನಾಲಿಗೆಗೆ ಬಿಟ್ಟದ್ದು.

ಇಂದು ಕೃಷ್ಣಾ ತೀರದ ಕಪ್ಪು ನೆಲದಲ್ಲಿ ಕಣ್ಣು ಹಾಯಿಸಿದಷ್ಟೂ ಕಬ್ಬು. ಹಿಂಗಾರಿ ಜೋಳ ನೀರಾವರಿ ಇಲ್ಲದ ಹೊಲಗಳತ್ತ ಸರಿದಿದೆ. ಕಬ್ಬು ಬೆಳೆದವರೇ ಪೇಟೆಯಿಂದ ಜೋಳ ತರುತ್ತಾರೆ. ಮನೆಯ ರೊಟ್ಟಿ ಅತ್ತ ಪಾಕೀಟಿನಲ್ಲಿ ಕೂತು ಪೇಟೆಗೆ ಹೊರಟಿದೆ. ಮಹಿಳಾ ಸಂಘಗಳಿಗೆ ಅದೊಂದು ಗಳಿಕೆ. ರೊಟ್ಟಿ ಒತ್ತುವ ಮಷಿನ್ನೂ ಬಂದಿದೆ. ಆದರೆ ಅದಕ್ಕೂ ಜಿಗಿಯಿರುವ ಹಿಟ್ಟೇ ಬೇಕು.

ಎದ್ದು ಹೊರಡುವ ಮೊದಲು ನಾನೂ ಒಂದು ಉಂಡೆ ತೆಗೆದುಕೊಂಡೆ. ಮೂರು ಸುತ್ತು ಬಡಿಯುವಷ್ಟರಲ್ಲಿ ಅಂಚು ನಾಲ್ಕು ಕಡೆ ಸೀಳಿತು. ನನ್ನ ಕೈ ಪಳಗಿಲ್ಲವೆಂದು ನಾಚಿದೆ. ಆಯಿ ಉಂಡೆಯನ್ನು ಮುಟ್ಟಿ ನೋಡಿ, ಬಿಸಿನೀರು ಚಿಮುಕಿಸಿ ಮತ್ತೆ ನಾದಿದರು. "ನಿನ್ನ ಕೈದೇನೂ ತಪ್ಪಿಲ್ಲ ತಮ್ಮಾ. ನೀ ಜರ್ಮನಿ ಕಥಿ ಹೇಳಕೋತ ಕುಂತಿ, ಹಿಟ್ಟು ಆರಿತು."