ಗೋಡೆಯ ಮೇಲೊಂದು ನೀರುಕಾಗೆ



ಇದನ್ನು ಓದುತ್ತಿರುವಾಗಲೇ ಒಮ್ಮೆ ತಲೆಯೆತ್ತಿ ನಿಮ್ಮ ಹಾಲ್‌ನ ಗೋಡೆ ನೋಡಿ. ಸೋಫಾದ ಮೇಲ್ಭಾಗದಲ್ಲಿ ಏನಿದೆ?

ನಮ್ಮ ಮನೆಯಲ್ಲಿ ಮೂರು ವರ್ಷ ಇದ್ದದ್ದು ಬೂದು ನೀಲಿ ಬಣ್ಣದ ಒಂದು ದೊಡ್ಡ ಕ್ಯಾನ್ವಾಸ್. ಕ್ಯಾನರಿ ವಾರ್ಫ್‌ನ ಫ್ಲ್ಯಾಟಿಗೆ ಬಂದ ಹೊಸತರಲ್ಲಿ, ಸೋಫಾಕ್ಕೆ ಹೊಂದುತ್ತದೆ ಎಂದು ಆನ್‌ಲೈನ್‌ನಲ್ಲಿ ತರಿಸಿದ್ದು. ಒಂದು ದಿನ ಅದೇ ಕಟ್ಟಡದ ಹದಿನಾಲ್ಕನೇ ಮಹಡಿಗೆ, ಮಗಳ ಗೆಳತಿಯ ಹುಟ್ಟುಹಬ್ಬಕ್ಕೆ ಹೋದೆವು. ಅವರ ಸೋಫಾದ ಮೇಲೂ ಅದೇ ಚಿತ್ರ! ದೊಡ್ಡವರೆಲ್ಲ ನಕ್ಕೆವು. ಒಂಬತ್ತು ವರ್ಷದ ಮಗಳು ನಗಲಿಲ್ಲ. ಮನೆಗೆ ಬಂದವಳೇ ಕೇಳಿದಳು: "ಅಮ್ಮಾ, ಇದನ್ನ ಯಾರು ಬಿಡಿಸಿದ್ದು?"

ನನಗೆ ಗೊತ್ತಿರಲಿಲ್ಲ. ಚಿತ್ರ ಇಳಿಸಿ ಹಿಂದೆ ತಿರುಗಿಸಿ ನೋಡಿದೆ. ಬಾರ್‌ಕೋಡ್ ಇತ್ತು, ಹೆಸರಿರಲಿಲ್ಲ.

ನಾನು ಸಾಗರದ ಕಡೆಯವಳು. ನಮ್ಮಲ್ಲಿ ಗೋಡೆಯ ಚಿತ್ರಕ್ಕೆ ಈ ಪ್ರಶ್ನೆ ಬರುತ್ತಲೇ ಇರಲಿಲ್ಲ. ದೀವರ ಮನೆಗಳಲ್ಲಿ ಮದುವೆ ಬಂತೆಂದರೆ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಅಕ್ಕಿ ನೆನೆಸಿ ಅರೆದ ಬಿಳಿ ಬಣ್ಣ, ಪುಂಡಿ ನಾರಿನ ಕುಂಚ. ಒಂದೊಂದು ಗೆರೆಯೂ ಕೈಯಲ್ಲೇ. ಯಾರ ಕೈ ಎಂದು ಊರಿಗೆಲ್ಲ ಗೊತ್ತು. ಅಂಥ ಊರಿನಿಂದ ಬಂದವಳ ಮನೆಯಲ್ಲಿ ಬಾರ್‌ಕೋಡ್ ನೇತಾಡುತ್ತಿದೆಯಲ್ಲ ಎಂದು ಸ್ವಲ್ಪ ನಾಚಿಕೆಯೇ ಆಯಿತು. ಮಾಡಿದವರ ಹೆಸರು ಗೊತ್ತಿರುವ ಒಂದೇ ಒಂದು ಚಿತ್ರ ಮನೆಗೆ ತರಬೇಕು ಎಂದು ಅವತ್ತು ತೀರ್ಮಾನಿಸಿದೆವು.

ತೀರ್ಮಾನ ಸುಲಭ, ತರುವುದು ಹೇಗೆ? ಒರಿಜಿನಲ್ ಚಿತ್ರ ಎಂದ ಕೂಡಲೇ ನಮ್ಮಂಥವರಿಗೆ ಎರಡು ಹೆದರಿಕೆ. ಒಂದು ದುಡ್ಡು. ಇನ್ನೊಂದು, "ನಮಗೇನು ಗೊತ್ತಾಗುತ್ತೆ ಕಲೆ?" ಎರಡನೆಯದಕ್ಕೆ ಔಷಧಿ ಮನೆ ಬಾಗಿಲಲ್ಲೇ ಇತ್ತು. ಕ್ಯಾನರಿ ವಾರ್ಫ್‌ನ ಬೀದಿ, ಚೌಕ, ಕಟ್ಟಡಗಳ ಒಳಾಂಗಣಗಳಲ್ಲಿ ನೂರಕ್ಕೂ ಹೆಚ್ಚು ಕಲಾಕೃತಿಗಳಿವೆ. ಟಿಕೆಟ್ ಇಲ್ಲ. ನಾವು ಆಫೀಸು, ಸೂಪರ್‌ಮಾರ್ಕೆಟ್ಟು ಎಂದು ಓಡುತ್ತಾ ದಿನವೂ ಅವುಗಳ ಪಕ್ಕದಲ್ಲೇ ಹಾದುಹೋಗುತ್ತೇವೆ.

ಶನಿವಾರಗಳಂದು ಒಂದು ಆಟ ಶುರು ಮಾಡಿದೆವು. ಎಲ್ಲರೂ ಒಂದೊಂದು ಕೃತಿ ಆರಿಸಿಕೊಳ್ಳಬೇಕು, ಮುಂದಿನ ವಾರ ಮತ್ತೆ ಅದನ್ನೇ ನೋಡಬೇಕು. ಎರಡನೇ ಸಲವೂ ಇಷ್ಟವಾದರೆ ಮಾತ್ರ ಅಂಕ. ಮಗಳು ಆರಿಸಿದ್ದು ಪಿಯೇರ್ ವಿವಾಂಟ್ 1998ರಲ್ಲಿ ಮಾಡಿದ ಟ್ರಾಫಿಕ್ ಲೈಟ್ ಮರ. ಎಪ್ಪತ್ತೈದು ಸಿಗ್ನಲ್ ದೀಪಗಳು ಕೊಂಬೆಕೊಂಬೆಯಲ್ಲಿ ಹತ್ತಿ ಆರುತ್ತಿರುತ್ತವೆ. ಈಗ ಬಿಲಿಂಗ್ಸ್‌ಗೇಟ್ ಮೀನು ಮಾರುಕಟ್ಟೆಯ ಹತ್ತಿರದ ವೃತ್ತದಲ್ಲಿದೆ. ನಮ್ಮ ಮನೆಯವರು ಕಾನ್‌ಸ್ಟಾಂಟಿನ್ ಗ್ರಚಿಚ್ ವಿನ್ಯಾಸದ ಗಡಿಯಾರಗಳನ್ನು ಆರಿಸಿದರು. ಮಕ್ಕಳೇ, ಟ್ಯೂಬ್ ನಿಲ್ದಾಣದ ಹೊರಗೆ ಆ ಗಡಿಯಾರಗಳ ಮುಖವನ್ನು ಸರಿಯಾಗಿ ನೋಡಿ, ಅಂಕಿಗಳಲ್ಲಿ ಏನೋ ತಮಾಷೆ ಇದೆ. ಏನೆಂದು ನಾನು ಹೇಳುವುದಿಲ್ಲ.

ನನ್ನ ಆಯ್ಕೆ ಕ್ಯಾಬಟ್ ಸ್ಕ್ವೇರ್‌ನ ಕಂಚಿನ ಹೆಂಗಸು. ಹೆನ್ರಿ ಮೂರ್ 1957-58ರಲ್ಲಿ ಮಾಡಿದ ಈ ಶಿಲ್ಪದ ಕಥೆ ಕೇಳಲೇಬೇಕು. ಯುದ್ಧದ ಕಾಲದಲ್ಲಿ, ಬಾಂಬಿಗೆ ಹೆದರಿ ಟ್ಯೂಬ್ ನಿಲ್ದಾಣಗಳಲ್ಲಿ ಮಲಗುತ್ತಿದ್ದ ಲಂಡನ್ನಿನ ಜನರನ್ನು ಮೂರ್ ಚಿತ್ರಿಸಿದ್ದರು. ಈ ಹೆಂಗಸಿನ ಬಟ್ಟೆಯ ಮಡಿಕೆ ನೋಡಿದರೆ ಆ ಕಂಬಳಿ ಹೊದ್ದ ಜನ ನೆನಪಾಗುತ್ತಾರೆ. 1962ರಲ್ಲಿ ಆಗಿನ ಲಂಡನ್ ಕೌಂಟಿ ಕೌನ್ಸಿಲ್ ಇದನ್ನು ಕೊಂಡು ಸ್ಟೆಪ್ನಿಯಲ್ಲಿ, ಸ್ಟಿಫರ್ಡ್ ಎಸ್ಟೇಟಿನ ಬಾಡಿಗೆ ಮನೆಗಳ ನಡುವೆ ಇಟ್ಟಿತು. ಸಾಮಾನ್ಯ ಜನರ ಕಣ್ಣೆದುರು ಇರಲಿ ಎಂದು ಮೂರ್ ಕಡಿಮೆ ಬೆಲೆಗೇ ಕೊಟ್ಟಿದ್ದರು. ಅಲ್ಲಿಯ ಮಕ್ಕಳು ಅವಳ ಮೇಲೆ ಹತ್ತಿ ಆಡಿದರು, "ಓಲ್ಡ್ ಫ್ಲೋ" ಎಂದು ಹೆಸರಾಯಿತು. ಆ ಕಟ್ಟಡಗಳನ್ನು ಕೆಡವುವಾಗ, 1997ರಲ್ಲಿ, ಫ್ಲೋ ಯಾರ್ಕ್‌ಷೈರ್ ಶಿಲ್ಪ ಉದ್ಯಾನಕ್ಕೆ ಹೋದಳು. 2012ರಲ್ಲಿ ಟವರ್ ಹ್ಯಾಮ್ಲೆಟ್ಸ್ ಕೌನ್ಸಿಲ್ ಅವಳನ್ನು ಮಾರಲು ಹೊರಟಿತು. ಎರಡು ಕೋಟಿ ಪೌಂಡ್‌ವರೆಗೂ ಬರಬಹುದು ಎಂಬ ಅಂದಾಜಿತ್ತು. ದೊಡ್ಡ ಗಲಾಟೆಯಾಯಿತು, ವಿಷಯ ಕೋರ್ಟಿಗೂ ಹೋಯಿತು. ಮುಂದೆ ಬಂದ ಮೇಯರ್ ಮಾರಾಟ ಕೈಬಿಟ್ಟರು. 2017ರಲ್ಲಿ ಫ್ಲೋ ಕ್ಯಾಬಟ್ ಸ್ಕ್ವೇರ್‌ಗೆ ಬಂದಳು. ಕೌನ್ಸಿಲ್‌ಗೆ ದುಡ್ಡಿನ ಕಷ್ಟ ನಿಜವೇ ಇತ್ತು, ಅದನ್ನು ತಳ್ಳಿಹಾಕುವಂತಿಲ್ಲ. ಆದರೂ ಮಾರಲಿಲ್ಲವಲ್ಲ ಎಂದು ಪ್ರತಿ ಸಲ ನೋಡಿದಾಗಲೂ ನನಗೆ ಸಮಾಧಾನ.

ಇದೇ ಅಚ್ಚಿನ ಇನ್ನೊಂದು ಫ್ಲೋ ಮೆಲ್ಬರ್ನ್‌ನಲ್ಲಿದ್ದಾಳೆ ಎಂದು ಹೇಳಿದಾಗ ಮಗಳು ಸರಿಯಾಗಿಯೇ ಹಿಡಿದಳು: "ಹಾಗಾದ್ರೆ ಇದೂ ನಮ್ಮ ಕ್ಯಾನ್ವಾಸ್ ಥರಾನೇ ಅಲ್ವಾ?"

ಅಲ್ಲ. ಕಂಚಿನ ಶಿಲ್ಪವಾಗಲಿ, ಲಿನೊಕಟ್ ಅಥವಾ ಎಚಿಂಗ್ ಎಂಬ ಅಚ್ಚಿನ ಚಿತ್ರವಾಗಲಿ, ಎಷ್ಟು ಪ್ರತಿ ಎಂದು ಕಲಾವಿದರೇ ನಿರ್ಧರಿಸುತ್ತಾರೆ. ಲಿನೊಕಟ್‌ನಲ್ಲಿ ಲಿನೋಲಿಯಂ ಹಾಳೆಯನ್ನು ಕೊರೆದು, ಮಸಿ ಬಳಿದು, ಕಾಗದ ಒತ್ತಿ ಒಂದೊಂದಾಗಿ ತೆಗೆಯುತ್ತಾರೆ. ಕೆಳಗೆ ಪೆನ್ಸಿಲ್‌ನಲ್ಲಿ 7/40 ಎಂದು ಬರೆದಿದ್ದರೆ ನಲವತ್ತರಲ್ಲಿ ಏಳನೆಯದು ಎಂದರ್ಥ. ಪಕ್ಕದಲ್ಲಿ ಸಹಿ ಇರುತ್ತದೆ. ನಲವತ್ತೂ ಒರಿಜಿನಲ್ಲೇ. ನಮ್ಮಂಥ ಜೇಬಿಗೆ ಹೇಳಿಮಾಡಿಸಿದ್ದು. ಐವತ್ತರಿಂದ ನೂರು ಪೌಂಡ್ ಒಳಗೆ ಸಣ್ಣದೊಂದು ಸಿಗುತ್ತದೆ. ನಾವು ಆ ದೊಡ್ಡ ಕ್ಯಾನ್ವಾಸಿಗೆ ಕೊಟ್ಟಿದ್ದು ಅದಕ್ಕಿಂತ ಹೆಚ್ಚು!

"ಜಿಕ್ಲೇ ಪ್ರಿಂಟ್" ಎಂಬ ಪದ ಕಂಡರೆ ಮಾತ್ರ ಒಂದು ಕ್ಷಣ ನಿಲ್ಲಿ. ಅದು ಒಳ್ಳೆಯ ಇಂಕ್‌ಜೆಟ್ ಮುದ್ರಣ. ಅದಕ್ಕೂ ಸಂಖ್ಯೆ, ಸಹಿ ಹಾಕಿ ಮಾರುತ್ತಾರೆ. ಮೋಸ ಎನ್ನಲಾರೆ. ಯಾವುದಕ್ಕೆ ದುಡ್ಡು ಕೊಡುತ್ತಿದ್ದೀರಿ ಎಂದು ಗೊತ್ತಿರಬೇಕು ಅಷ್ಟೆ. ಮಕ್ಕಳ ಕೈಗೊಂದು ಭೂತಗನ್ನಡಿ ಕೊಡಿ. ಯಂತ್ರದ ಮುದ್ರಣವಾದರೆ ಸಣ್ಣಸಣ್ಣ ಬಣ್ಣದ ಚುಕ್ಕೆಗಳು ಕಾಣುತ್ತವೆ. ಕೈಯಲ್ಲಿ ಮಾಡಿದ್ದರಲ್ಲಿ ಕುಂಚದ ಗೀರು, ಮಸಿಯ ಏರುತಗ್ಗು ಸಿಗುತ್ತದೆ. ಈ ಕೆಲಸದಲ್ಲಿ ಮಕ್ಕಳು ನಮಗಿಂತ ಜಾಣರು.

ಕೊಳ್ಳುವುದೆಲ್ಲಿ? ಕ್ಯಾನರಿ ವಾರ್ಫ್‌ನಿಂದ ದೂರವಲ್ಲದ ಬೋ ರಸ್ತೆಯಲ್ಲಿ ಬೋ ಆರ್ಟ್ಸ್ ಇದೆ. ಅಂಥ ಸ್ಟುಡಿಯೋಗಳು ಕೆಲವು ದಿನ ಬಾಗಿಲು ತೆರೆದಿಟ್ಟು ಎಲ್ಲರನ್ನೂ ಒಳಗೆ ಬಿಡುತ್ತವೆ. ಬೇಸಿಗೆಯಲ್ಲಿ ಕಲಾ ಕಾಲೇಜುಗಳ ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರದರ್ಶನ ನಡೆಯುತ್ತದೆ. ಬ್ಯಾಟರ್ಸಿ ಪಾರ್ಕಿನ ಅಫೋರ್ಡಬಲ್ ಆರ್ಟ್ ಫೇರ್ 1999ರಲ್ಲಿ ಶುರುವಾದದ್ದು, ಅಲ್ಲಿ ಬೆಲೆಗೆ ಒಂದು ಮಿತಿ ಇರುತ್ತದೆ. ಸ್ವಲ್ಪ ದೊಡ್ಡದೇ ಬೇಕೆನಿಸಿದರೆ "ಓನ್ ಆರ್ಟ್" ಯೋಜನೆಯಲ್ಲಿರುವ ಗ್ಯಾಲರಿಗಳಲ್ಲಿ ಬಡ್ಡಿಯಿಲ್ಲದೆ ಹತ್ತು ತಿಂಗಳ ಕಂತಿನಲ್ಲಿ ಕೊಡಬಹುದು. ಎಲ್ಲಿ ಕೊಂಡರೂ ಕಲಾವಿದರ ಹೆಸರು, ಚಿತ್ರದ ಹೆಸರು, ವರ್ಷ, ಯಾವ ಮಾಧ್ಯಮ ಎಂದು ರಸೀದಿಯಲ್ಲಿ ಬರೆಸಿ, ಲಕೋಟೆಯಲ್ಲಿ ಹಾಕಿ ಫ್ರೇಮಿನ ಹಿಂದೆ ಅಂಟಿಸಿಡಿ.

ನಾವು ಹೋದದ್ದು ಒಂದು ತೆರೆದ ಸ್ಟುಡಿಯೋಗೆ. ಮಗಳೇ ಆರಿಸಲಿ ಎಂದು ಮೊದಲೇ ಮಾತು ಕೊಟ್ಟಿದ್ದೆವು. ನನ್ನ ಕಣ್ಣು ಒಂದು ಹಳದಿ ಹೂವಿನ ಚಿತ್ರದ ಮೇಲಿತ್ತು. ಅವಳು ಎರಡು ಸುತ್ತು ಹಾಕಿ ಒಂದು ಲಿನೊಕಟ್ ಮುಂದೆ ನಿಂತಳು. ಡಾಕ್‌ನ ಕಂಬದ ಮೇಲೆ ರೆಕ್ಕೆ ಬಿಚ್ಚಿ ಒಣಗಿಸುತ್ತಿರುವ ಕಪ್ಪು ಹಕ್ಕಿ. ಕಾರ್ಮರಂಟ್! ಕಲಾವಿದೆ ಅವಳನ್ನು ಕೂರಿಸಿಕೊಂಡು, ಮಿಲ್ವಾಲ್ ಡಾಕ್‌ನಲ್ಲಿ ಬೆಳಿಗ್ಗೆ ಹೋಗಿ ಈ ಹಕ್ಕಿಯನ್ನು ಹೇಗೆ ಬರೆದುಕೊಂಡೆ ಎಂದು ಹೇಳಿದರು, ಕೊರೆದ ಲಿನೋ ಹಾಳೆಯನ್ನು ಮುಟ್ಟಿಸಿದರು. ಅರವತ್ತೈದು ಪೌಂಡ್ ಕೊಟ್ಟೆವು. ಹಳದಿ ಹೂವು ಅಲ್ಲೇ ಉಳಿಯಿತು. ಮಾತು ಮಾತೇ.

ಸಂಜೆ ಅತ್ತೆಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಶುರುವಾಯಿತು. "ಹಾಲ್‌ನಲ್ಲಿ ಕಾಗೆ ಯಾಕಮ್ಮಾ ಹಾಕ್ತೀರಿ?"

"ಅಜ್ಜೀ, ಅದು ಕಾಗೆ ಅಲ್ಲ, ಕಾರ್ಮರಂಟ್!"

"ಹಂಗಂದ್ರೆ?"

ಕನ್ನಡದಲ್ಲಿ ಹೇಳು ಎಂದು ಮಗಳು ನನ್ನ ಕಡೆ ತಿರುಗಿದಳು. ನಾನು ಪೆಚ್ಚಾಗಿ "ನೀರುಕಾಗೆ" ಎಂದೆ. ಅತ್ತೆ "ಅದೇ ಅಲ್ವಾ ನಾನು ಹೇಳಿದ್ದು" ಎಂದರು.

ತೂಗುಹಾಕುವುದೂ ನಮ್ಮ ಕಡೆ ಸಣ್ಣ ಕೆಲಸವಲ್ಲ. ಈ ಎತ್ತರದ ಕಟ್ಟಡಗಳಲ್ಲಿ ಗೋಡೆಗಿಂತ ಗಾಜೇ ಹೆಚ್ಚು. ನೇರ ಬಿಸಿಲು ಬಿದ್ದರೆ ಕಾಗದದ ಮೇಲಿನ ಬಣ್ಣ, ಮುಖ್ಯವಾಗಿ ಜಲವರ್ಣ, ಮಾಸುತ್ತದೆ. ಹಾಗಾಗಿ ಕಿಟಕಿಯ ಎದುರು ಗೋಡೆ ಬಿಟ್ಟು, ಬಾಗಿಲ ಪಕ್ಕದ ನೆರಳಿನ ಗೋಡೆಗೆ ಹಾಕಿದೆವು. ಬಾಡಿಗೆ ಮನೆಯಾದ್ದರಿಂದ ಮೊಳೆ ಹೊಡೆಯದೆ ಅಂಟುಪಟ್ಟಿ ಬಳಸಿದೆವು. ಪ್ಯಾಕೆಟ್ ಮೇಲೆ ಎಷ್ಟು ತೂಕ ತಡೆಯುತ್ತದೆ ಎಂದು ಬರೆದಿರುತ್ತದೆ, ಓದಿ. ಚಿತ್ರದ ಮಧ್ಯಭಾಗ ನೆಲದಿಂದ ಸುಮಾರು 150 ಸೆಂಟಿಮೀಟರ್ ಇರಲಿ ಎನ್ನುವುದು ರೂಢಿ. ನಮ್ಮದು ಅದಕ್ಕಿಂತ ಕೆಳಗಿದೆ, ಆರಿಸಿದವಳ ಕಣ್ಣಿನ ಮಟ್ಟಕ್ಕೆ.

ಊರಿಂದಲೇ ತರುತ್ತೇವೆ ಎನ್ನುವವರಿಗೆ ಬೆಂಗಳೂರಿನ ಚಿತ್ರಸಂತೆಗಿಂತ ಒಳ್ಳೆಯ ಜಾಗವಿಲ್ಲ. ಜನವರಿಯ ಒಂದು ಭಾನುವಾರ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಮುಂದಿನ ಕುಮಾರಕೃಪಾ ರಸ್ತೆಯುದ್ದಕ್ಕೂ ಕಲಾವಿದರು ಚಿತ್ರ ಹರಡಿಕೊಂಡು ಕೂರುತ್ತಾರೆ. ನೂರಿನ್ನೂರು ರೂಪಾಯಿಯಿಂದ ಲಕ್ಷದವರೆಗೆ. ತೊಂದರೆಯೆಂದರೆ ಅದು ನಮ್ಮ ಮಕ್ಕಳ ಶಾಲೆ ಶುರುವಾಗುವ ಹೊತ್ತು. ತಾತನನ್ನು ಕಳಿಸಿ, ವಿಡಿಯೋ ಕಾಲ್‌ನಲ್ಲಿ ಮಕ್ಕಳೇ ಆರಿಸಲಿ. ಮೈಸೂರು ಶೈಲಿಯ ಚಿತ್ರವಾದರೆ ಪಕ್ಕದಿಂದ ಟಾರ್ಚ್ ಹಿಡಿಯಲು ಹೇಳಿ: ಚಿನ್ನದ ರೇಕಿನ ಕೆಳಗಿನ ಗೆಸ್ಸೋ ಕೆಲಸ ತುಸು ಉಬ್ಬಿಕೊಂಡು ಕಾಣಬೇಕು. ಅಂಥದ್ದನ್ನು ಸುರುಳಿ ಸುತ್ತಿ ತರಬೇಡಿ, ಬಿರುಕು ಬಿಡುತ್ತದೆ. ಅಜ್ಜನ ಕಾಲದ ಚಿತ್ರವನ್ನು ಸೂಟ್‌ಕೇಸಿಗೆ ಹಾಕುವ ಮುಂಚೆ ಅದರ ವಯಸ್ಸು ಕೇಳಿ. ನೂರು ವರ್ಷ ದಾಟಿದ ಕಲಾಕೃತಿಯನ್ನು ದೇಶದ ಹೊರಗೆ ಒಯ್ಯಲು 1972ರ ಭಾರತದ ಪುರಾವಸ್ತು ಕಾಯ್ದೆ ಬಿಡುವುದಿಲ್ಲ. ಅದು ದೇವರ ಮನೆಯಲ್ಲೇ ಇರಲಿ.

ಅತ್ತೆ ಬೇಸಿಗೆಯಲ್ಲಿ ಬಂದಿದ್ದರು. ಎರಡು ದಿನ ಆ ಗೋಡೆಯ ಕಡೆ ನೋಡಲಿಲ್ಲ. ಮೂರನೇ ದಿನ ಮೊಮ್ಮಗಳು ಕೈಹಿಡಿದು ಡಾಕ್‌ಗೆ ಕರೆದುಕೊಂಡು ಹೋದಳು. ಹಕ್ಕಿ ಇತ್ತು, ಕಂಬದ ಮೇಲೆ, ಚಿತ್ರದಲ್ಲಿರುವ ಹಾಗೇ ರೆಕ್ಕೆ ಬಿಚ್ಚಿಕೊಂಡು. ಅಜ್ಜಿ ಮೊಮ್ಮಗಳು ಮುಕ್ಕಾಲು ಗಂಟೆ ಬಿಟ್ಟು ಬಂದರು. ಒಳಗೆ ಬಂದವರೇ ಅತ್ತೆ ಕನ್ನಡಕ ಹಾಕಿಕೊಂಡು ಗೋಡೆಯ ಹತ್ತಿರ ಹೋಗಿ ನಿಂತರು.

"ಕೊಕ್ಕು ಸರಿಯಾಗಿ ಬರೆದಿದ್ದಾಳೆ" ಎಂದರು. "ಆದ್ರೂ ಕಾಗೆನೇ."