ಒಂದು ವರ್ಷದ ಡ್ಯೂಟಿಗೆ ಎರಡೇ ಬ್ಯಾಗು

ಎಂಬಿಬಿಎಸ್ ಓದಿ, ಇಂಟರ್ನ್‌ಶಿಪ್ಪೂ ಮುಗಿಸಿದವರಿರುವ ಮನೆಗಳಲ್ಲಿ ಆಮೇಲಿನ ಮಾತು ಒಂದೇ: ‘ಪೋಸ್ಟಿಂಗ್ ಎಲ್ಲಿ?’ ಕರ್ನಾಟಕದಲ್ಲಿ ಹೊಸ ವೈದ್ಯರ ಒಂದು ವರ್ಷದ ಕಡ್ಡಾಯ ಸರ್ಕಾರಿ ಸೇವೆಗೆ 2012ರ ಕಾಯ್ದೆಯೇ ಇದೆ. ನನ್ನ ತಂಗಿಗೆ ಸಿಕ್ಕಿದ್ದು ಯಾದಗಿರಿ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಅವಳು ಹುಟ್ಟಿ ಬೆಳೆದು ಓದಿದ್ದೆಲ್ಲ ಮೈಸೂರಿನಲ್ಲೇ.

ಬಯಲುಸೀಮೆಯಲ್ಲಿ ಸುಮಾರು 30,000 ಜನರಿಗೆ ಒಂದು ಪಿಎಚ್‌ಸಿ ಅನ್ನೋದು ಸರ್ಕಾರದ ಲೆಕ್ಕ. ಎಷ್ಟೋ ಕಡೆ ಡಾಕ್ಟರ್ ಒಬ್ಬರೇ. ಅಪ್ಪ-ಅಮ್ಮನ ಭಯ ಏನು ಅಂತ ಹೇಳಬೇಕಾಗಿಲ್ಲ. ಆ ಭಯವೆಲ್ಲ ಸಾಮಾನಾಗಿ ಹಾಲ್‌ನಲ್ಲಿ ಗುಡ್ಡೆ ಬಿತ್ತು: ಕುಕ್ಕರ್, ಇಂಡಕ್ಷನ್ ಸ್ಟವ್, ಎರಡು ರಜಾಯಿ, ಹತ್ತು ಕೆಜಿ ಅಕ್ಕಿ! ತಂಗಿ ಒಂದೇ ಷರತ್ತು ಹಾಕಿದಳು. ‘ನಾನೊಬ್ಬಳೇ ಎತ್ತಿ ಬಸ್ಸಿಗೆ ಹಾಕೋಕಾಗಬೇಕು. ಎರಡೇ ಬ್ಯಾಗು.’

ನನ್ನ ಪಾಲಿಗೆ ಬಂದ ಕೆಲಸ ಲಿಸ್ಟ್ ಮಾಡೋದು. ಅವಳ ಸೀನಿಯರ್‌ಗಳಿಗೆ ಫೋನ್ ಮಾಡಿ ಕೇಳಿದೆವು. ಅವರು ಹೇಳಿದ್ದು ನಿಮಗೂ ಉಪಯೋಗವಾಗಬಹುದು.

ಮೊದಲು ಫೈಲು, ಆಮೇಲೆ ಬಟ್ಟೆ

ನೇಮಕಾತಿ ಆದೇಶ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಪತ್ರ, ಇಂಟರ್ನ್‌ಶಿಪ್ ಸರ್ಟಿಫಿಕೇಟ್, ಅಂಕಪಟ್ಟಿ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಒಂದು ಡಜನ್ ಫೋಟೊ. ಎಲ್ಲದಕ್ಕೂ ಮೂರು ಸೆಟ್ ಜೆರಾಕ್ಸ್. ಫೋನಿನಲ್ಲಿ ಸ್ಕ್ಯಾನ್ ಕಾಪಿ ಇದ್ದರೂ ಕಾಗದ ಬೇಕೇ ಬೇಕು. ಡ್ಯೂಟಿಗೆ ಹಾಜರಾಗೋ ದಿನ ಜೆರಾಕ್ಸ್ ಅಂಗಡಿ ಹುಡುಕಿಕೊಂಡು ಬಿಸಿಲಲ್ಲಿ ಓಡಾಡುವುದು ಯಾರಿಗೆ ಬೇಕು? ಒರಿಜಿನಲ್‌ಗಳ ಫೈಲು ಲಗೇಜಿನಲ್ಲಿ ಅಲ್ಲ, ಹೆಗಲ ಚೀಲದಲ್ಲಿ ಇರಬೇಕು.

ಹೊರಡುವ ಮುಂಚೆ ಇನ್ನೊಂದು ಕೆಲಸ: ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿದೆಯಾ, ಟಿಟಿ ಯಾವಾಗ ಹಾಕಿಸಿದ್ದು ಅಂತ ನೋಡಿಕೊಳ್ಳುವುದು. ಸೂಜಿ ಚುಚ್ಚಿಕೊಂಡ ಮೇಲೆ ಕಾರ್ಡ್ ಹುಡುಕಿದರೆ ಏನು ಪ್ರಯೋಜನ?

ಮೊದಲ ರಾತ್ರಿಯ ಚೀಲ

ಕ್ವಾಟ್ರಸ್ ಯಾವ ಸ್ಥಿತಿಯಲ್ಲಿದೆ ಅಂತ ಮೊದಲೇ ಗೊತ್ತಿರೋದಿಲ್ಲ. ಹಾಗಾಗಿ ಮೊದಲ ರಾತ್ರಿ ಬೇಕಾಗುವುದೆಲ್ಲ ಒಂದೇ ಕಡೆ, ಬ್ಯಾಗಿನ ಮೇಲ್ಗಡೆ ಇಡಬೇಕು: ಸ್ವಂತದ್ದೊಂದು ಗಟ್ಟಿ ಬೀಗ, ಬೆಡ್‌ಶೀಟ್, ಸೊಳ್ಳೆಪರದೆ, ಚಾರ್ಜ್ ಆಗುವ ಟಾರ್ಚ್, ಪವರ್ ಬ್ಯಾಂಕ್, ಎಕ್ಸ್‌ಟೆನ್ಶನ್ ಬೋರ್ಡ್, ನೀರಿನ ಬಾಟಲಿ, ಅವಲಕ್ಕಿ. ಎರಡು ಬೇರೆ ಬೇರೆ ಕಂಪನಿಯ ಸಿಮ್. ಟಾರ್ಚು ಕರೆಂಟ್ ಹೋದಾಗ ಮಾತ್ರ ಅಲ್ಲ, ರಾತ್ರಿ ಕಾಲಿಡುವ ಜಾಗ ನೋಡೋಕೂ ಬೇಕು. ಹಾವು, ಚೇಳು ಇರುವ ಕಡೆ ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳೋದು ಕಲಿಯಬೇಕು.

ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟುತ್ತದೆ. ತೆಳು ಕಾಟನ್ ಬಟ್ಟೆ ಐದಾರು ಜೊತೆ, ಏಪ್ರನ್ ಎರಡು, ಬೆರಳು ಮುಚ್ಚುವ ಶೂ ಒಂದು ಜೊತೆ. ರಜಾಯಿ ಎರಡೂ ಮನೆಯಲ್ಲೇ ಉಳಿದವು.

ಔಷಧಿ ಅಲ್ಲ, ತಿಳಿವಳಿಕೆ

ಸ್ಟೆತಸ್ಕೋಪ್, ಥರ್ಮಾಮೀಟರ್, ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್, ಪೆನ್ ಟಾರ್ಚ್, ಎನ್95 ಮಾಸ್ಕ್. ವೈದ್ಯಕೀಯ ಸಲಕರಣೆ ಇಷ್ಟೇ. ಔಷಧಿ ಆಸ್ಪತ್ರೆಯಲ್ಲೇ ಇರುತ್ತದೆ. ಕೈಕೊಡೋದು ನೆಟ್‌ವರ್ಕು. ಹಾವು ಕಡಿತ, ಚೇಳು ಕಡಿತ, ಕೀಟನಾಶಕ ವಿಷ, ಹೆರಿಗೆ ರಕ್ತಸ್ರಾವ, ಇವುಗಳ ಚಿಕಿತ್ಸಾ ಮಾರ್ಗಸೂಚಿಯನ್ನು ಟ್ಯಾಬ್‌ಗೆ ಇಳಿಸಿ, ಆಫ್‌ಲೈನ್‌ನಲ್ಲಿ ತೆರೆಯುತ್ತದಾ ಅಂತ ಪರೀಕ್ಷೆ ಮಾಡಿದೆವು. ಅತ್ಯಂತ ಮುಖ್ಯವಾದದ್ದನ್ನು ಅವಳು ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಬರೆದುಕೊಂಡಳು. ಉದಾಹರಣೆಗೆ, ಹಾವಿನ ವಿಷಕ್ಕೆ ಕೊಡುವ ಪ್ರತಿವಿಷದ ಡೋಸ್ ಮಗುವಿಗೂ ದೊಡ್ಡವರಷ್ಟೇ. ‘ಮಗು ಚಿಕ್ಕದು ಅಂತ ಹಾವು ಕಡಿಮೆ ವಿಷ ಬಿಡಲ್ಲ ಅಣ್ಣ’ ಅಂದಳು. ನನಗೆ ಇವತ್ತಿಗೂ ನೆನಪಿದೆ.

ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳು ಮಾತಿಗೆ. ಅಲ್ಲಿ ನೋವು ಅಂದರೆ ‘ಬ್ಯಾನಿ’. ‘ಹೊಟ್ಟಿ ಕಡಿಯಾಕತ್ತದ್ರಿ’ ಅಂದರೆ ಯಾರೂ ಕಚ್ಚಿಲ್ಲ, ಹೊಟ್ಟೆ ನೋಯ್ತಿದೆ ಅಂತ. ತೆಲಂಗಾಣದ ಗಡಿ ಹತ್ತಿರವಾದ್ದರಿಂದ ತೆಲುಗು, ಉರ್ದುವಿನ ನಾಲ್ಕು ಮಾತೂ ಬೇಕು.

ಬಿಟ್ಟು ಹೊರಟದ್ದು

ಅಕ್ಕಿ, ಕುಕ್ಕರ್, ಬಕೆಟ್ ಎಲ್ಲ ಯಾದಗಿರಿ ಪೇಟೆಯಲ್ಲೇ ಸಿಗುತ್ತದೆ. ಖಾನಾವಳಿಯ ಜೋಳದ ರೊಟ್ಟಿ, ಶೇಂಗಾ ಹಿಂಡಿ ಇದ್ದೇ ಇದೆ. ಅಮ್ಮನಿಗೆ ಒಂದು ಡಬ್ಬಿ ಪುಳಿಯೋಗರೆ ಗೊಜ್ಜಿಗೆ ಮಾತ್ರ ಅನುಮತಿ ಸಿಕ್ಕಿತು. ಅಪ್ಪ ‘ಒಂದು ತಿಂಗಳು ನಾನೂ ಜೊತೇಲಿ ಇರ್ತೀನಿ’ ಅಂದರು. ‘ಒಂದು ವಾರ ಬಿಟ್ಟು ಬನ್ನಿ ಅಪ್ಪ. ಮೊದಲ ದಿನವೇ ಬಂದರೆ ಜನ ನನ್ನ ಬಿಟ್ಟು ನಿಮ್ಮ ಹತ್ತಿರ ಮಾತಾಡ್ತಾರೆ’ ಅಂದಳು. ಅಪ್ಪ ಸುಮ್ಮನಾದರು.

ಕಷ್ಟವಾಗಿದ್ದು ಪುಸ್ತಕಗಳ ವಿಷಯ. ನೀಟ್ ಪಿಜಿಗೆ ಓದುವ ಪುಸ್ತಕಗಳೇ ಒಂದು ಬ್ಯಾಗು ತುಂಬುತ್ತಿದ್ದವು. ಸೀಟು ಸಿಗದಿದ್ದರೆ ಒಂದು ವರ್ಷ ಹೋಯಿತು ಅನ್ನೋ ಆತಂಕ ಸುಳ್ಳಲ್ಲ. ಇಡೀ ರಾತ್ರಿ ಯೋಚಿಸಿ ಎರಡೇ ಪುಸ್ತಕ ಇಟ್ಟುಕೊಂಡಳು. ಉಳಿದ ನೋಟ್ಸ್ ಟ್ಯಾಬ್‌ಗೆ ಹೋಯಿತು. ‘ಓದ್ತೀನಿ. ಆದರೆ ರೋಗಿ ಬಾಗಿಲಲ್ಲಿ ನಿಂತಿರುವಾಗ ಓದೋಕಾಗಲ್ಲವಲ್ಲ’ ಅಂದಳು. ಆ ಲೆಕ್ಕ ಅವಳದ್ದೇ. ನಾವ್ಯಾರೂ ಮಧ್ಯೆ ಬಾಯಿ ಹಾಕಲಿಲ್ಲ.

ಹೋಗಿ ಎರಡು ವಾರವಾದ ಮೇಲೆ, ಹೆಚ್ಚು ಉಪಯೋಗವಾಗಿದ್ದು ಯಾವುದು ಅಂತ ಕೇಳಿದೆ. ಬೀಗ, ಟಾರ್ಚು, ನೋಟ್‌ಬುಕ್ಕು ಅಂದಳು. ‘ಹಿಂದಿನ ಪುಟ ತುಂಬಿಹೋಯ್ತು. ಅಪ್ಪ ಬರುವಾಗ ಇನ್ನೊಂದು ನೋಟ್‌ಬುಕ್ ಕಳಿಸು. ಗೊಜ್ಜು ನರ್ಸ್ ಅಕ್ಕಂಗೂ ಇಷ್ಟ ಆಯ್ತು, ಎರಡು ಡಬ್ಬಿ ಇರಲಿ ಅಂತ ಅಮ್ಮಂಗೆ ಹೇಳು.’