ಹೃದಯದ ಸಂಜ್ಞೆಯೂ ಗಣಿತವೂ

ಹೃದಯವು ಮಿಡಿದಾಗಲೆಲ್ಲ ಚರ್ಮದ ಮೇಲೆ ಸುಮಾರು 1 ಮಿಲಿವೋಲ್ಟಿನಷ್ಟು ವಿದ್ಯುತ್ಸಂಜ್ಞೆ ತೋರುತ್ತದೆ. ಕೋಣೆಯ ತಂತಿಗಳ 50 ಹರ್ಟ್ಸ್ ವಿದ್ಯುತ್ತಿನ ಗದ್ದಲದಿಂದ ಈ ಕ್ಷೀಣ ಸಂಜ್ಞೆಯನ್ನು ಬೇರ್ಪಡಿಸಿ, ವರ್ಧಿಸಿ, ವೈದ್ಯರಿಗೆ ಕಾಣಿಸುವುದು ಇ.ಸಿ.ಜಿ. ಯಂತ್ರದ ಕೆಲಸ. ಇಂತಹ ಉಪಕರಣಗಳನ್ನು ರಚಿಸುವ ವಿದ್ಯೆಯು ಬಯೋಮೆಡಿಕಲ್ ಇಂಜಿನಿಯರಿಂಗಿಗೆ ಸೇರಿದುದು. ಮಣಿಪಾಲದಲ್ಲಿ ಇದನ್ನು ಬೋಧಿಸುತ್ತಾರೆ.

ಹೆಸರಿನಲ್ಲಿ ವೈದ್ಯವಿದ್ದ ಮಾತ್ರಕ್ಕೆ ಜೀವಶಾಸ್ತ್ರವೊಂದೇ ಸಾಕೆಂದು ನಾವು ಭಾವಿಸಬಾರದು. ಸಂಜ್ಞೆಯನ್ನು ಗದ್ದಲದಿಂದ ಬಿಡಿಸುವ ವಿಧಾನವೆಲ್ಲ ಗಣಿತವನ್ನೇ ಅವಲಂಬಿಸಿದೆ. ಸಿ.ಇ.ಟಿ. ಮೂಲಕ ಇಂಜಿನಿಯರಿಂಗ್ ಸೇರಲು ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರವೂ ಗಣಿತವೂ ಕಡ್ಡಾಯ. ಐಚ್ಛಿಕ ವಿಷಯಗಳಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡಾ 45 ಅಂಕಗಳು ಬೇಕು. ಹಂಪಾಪುರದಂತಹ ಹಳ್ಳಿಯಲ್ಲಿ 1ರಿಂದ 10ನೆಯ ತರಗತಿಯವರೆಗೆ ಓದಿದವರಿಗೆ ನಿಯಮಾನುಸಾರ ಗ್ರಾಮೀಣ ಮೀಸಲಾತಿಯುಂಟು. ಆದರೆ ಗಣಿತವನ್ನು ಬಿಟ್ಟವರಿಗೆ ಅದೂ ಒದಗದು. ಆದುದರಿಂದ ಪಿ.ಯು.ಸಿ. ಸೇರುವ ದಿನವೇ ನಾವು ವಿಷಯಗಳನ್ನು ವಿವೇಚಿಸಿ ಆರಿಸಿಕೊಳ್ಳಬೇಕು.